ಕುರ್ಚಿಗೆ ಅಂಟಿಸಿದ ಚೀಟಿ

ಕುನ್‌ಮಿಂಗಿನ ಹೋಟೆಲು, ಹನ್ನೊಂದನೇ ಮಹಡಿ.
ಕೆಂಪು ಬಟ್ಟೆ ಹೊದ್ದ ಕುರ್ಚಿಯ ಬೆನ್ನಿಗೆ
ಚೀಟಿ ಅಂಟಿಸಿದ್ದರು: ವಧುವಿನ ತಂದೆ.
ನಾನು ಅದರ ಪಕ್ಕದಲ್ಲೇ ನಿಂತಿದ್ದೆ,
ಆ ಮನುಷ್ಯ ಬರಲಿ, ಆಮೇಲೆ ಕೂರೋಣ ಎಂಬಂತೆ.

ನನಗೀಗ ಅರವತ್ತೊಂದು.
ಲುಗು ಸರೋವರದ ದಂಡೆಯಲ್ಲಿ ಅವ್ವನ ಮನೆ;
ಅಲ್ಲೇ ಹುಟ್ಟಿದೆ, ಅಲ್ಲೇ ನರೆತೆ.
ಅಕ್ಕ ಬಿನ್ಮಳಿಗೆ ಐದು, ತಂಗಿಗೆ ನಾಲ್ಕು,
ಒಂಬತ್ತೂ ನನ್ನ ಬೆನ್ನ ಮೇಲೆ ಉಚ್ಚೆ ಹೊಯ್ದು ದೊಡ್ಡವಾದವು.
ಜ್ವರ ಬಂದವಳಿಗೆ ಬಾರ್ಲಿ ಗಂಜಿ,
ಸುಳ್ಳು ಹೇಳಿದವನಿಗೆ ಒಂದು ಏಟು,
ಹುಡುಗರಿಗೆ ಈಜು, ಹುಡುಗಿಯರಿಗೂ ಈಜು,
ಎಲ್ಲ ನನ್ನ ಪಾಲಿಗೆ.
ನಡುಮನೆಯಲ್ಲಿ ಎರಡು ಕಂಬ, ಒಂದು ಗಂಡು, ಒಂದು ಹೆಣ್ಣು.
ಎರಡನ್ನೂ ಒಂದೇ ಮರದಿಂದ ಕಡಿದದ್ದು.
ಅಂದರೆ ಅಕ್ಕ ತಮ್ಮ, ಗಂಡ ಹೆಂಡತಿ ಅಲ್ಲ.
ಸೂರು ನಿಂತಿರುವುದೇ ಹಾಗೆ, ಎನ್ನುತ್ತಿದ್ದಳು ಅವ್ವ.

ಇರುಳಿಗೆ ಮಾತ್ರ ನಾನು ಬೇರೆಯವನು.
ಆಚೆ ದಂಡೆಗೆ ದೋಣಿ, ಲಾಚೊಳ ಬಾಗಿಲು,
ಬೊಗಳದಿರಲಿ ಎಂದು ನಾಯಿಗೊಂದು ತುಣುಕು ಮಾಂಸ,
ಕೋಳಿ ಕೂಗುವ ಮೊದಲೇ ವಾಪಸ್ಸು.
ಹುಟ್ಟು ಹಾಕಿದ ಕೈ ಎಷ್ಟು ತಣ್ಣಗಿರುತ್ತಿತ್ತೆಂದರೆ
ಬೆಳಕು ಹರಿದರೂ ಮಗುವಿನ ಕೆನ್ನೆ ಮುಟ್ಟುವಂತಿರಲಿಲ್ಲ.
ಅಕ್ಕನ ಮಗುವಿನ ಕೆನ್ನೆ.

ಲಾಚೊ ಹೆತ್ತಳು. ಹೆಣ್ಣು. ದುಜಿ.
ತಿಂಗಳು ತುಂಬಿದಾಗ ಮೊಟ್ಟೆ, ಒಂದು ಗಡಿಗೆ ಮದ್ಯ ಹೊತ್ತು ಹೋದೆ;
ಮೂಗು ನಿನ್ನದೇ ಎಂದು ಎಲ್ಲರೂ ನಕ್ಕರು.
ಅಷ್ಟೇ.
ಅದಕ್ಕೆ ಈಜು ಕಲಿಸಲು ಅದರ ಸೋದರಮಾವಂದಿರಿದ್ದರು, ಮೂವರು.
ಯಾರಿಗೂ ಏನೂ ಕಡಿಮೆಯಾಗಲಿಲ್ಲ,
ಹಾಗಂದುಕೊಂಡಿದ್ದೆ.

ಹೋದ ಚಳಿಗಾಲ ಫೋನು ಬಂತು.
"ಹುಡುಗ ಹಾನ್ ಜನ. ಅವರಲ್ಲಿ ಕೈಹಿಡಿದು ನಡೆಸೋದು ಅಪ್ಪ.
ಬರ್ತೀಯಾ?"
ನಿನ್ನ ಮಾವಂದಿರನ್ನ ಕೇಳಿದೆಯಾ, ಎಂದೆ.
"ಅವರೇ ನಿನ್ನ ನಂಬರು ಕೊಟ್ಟದ್ದು."

ನನಗೆ ಟೈ ಕಟ್ಟಿದವಳು ನಾಜಿನ್, ಅಕ್ಕನ ಕೊನೆಯವಳು.
ಅವಳೂ ಈಗ ಬೇರೆ. ಗಂಡ, ಮಗ, ಲಾಡ್ಜಿನ ಮೇಲಿನ ಎರಡು ಕೋಣೆ,
ಕಂಬವೇ ಇಲ್ಲದ ಮನೆ.
ಮಗನ ಶಾಲೆಯ ಅರ್ಜಿಯಲ್ಲಿ ಅಪ್ಪನ ಖಾನೆ ತುಂಬಿ, ಅಮ್ಮನ ಖಾನೆ ತುಂಬಿ,
ನನ್ನ ಹೆಸರಿಗೆ ಜಾಗ ಹುಡುಕಿ ಹುಡುಕಿ ಕೊನೆಗೆ
'ತುರ್ತಾಗಿ ಯಾರಿಗೆ ತಿಳಿಸಬೇಕು' ಎಂಬಲ್ಲಿ ಬರೆದಳು.
ತಪ್ಪೇನಿಲ್ಲ. ಮೊದಲಿನಿಂದಲೂ ನಾನು ಅದೇ.

ಬಾಗಿಲು ತೆರೆಯಿತು. ಬಿಳಿ ಬಟ್ಟೆಯಲ್ಲಿ ದುಜಿ.
ಎಲ್ಲಿ ಹಿಡಿಯಬೇಕು? ಮಣಿಕಟ್ಟೋ, ಮೊಳಕೈಯೋ?
ಒಂಬತ್ತು ಮಕ್ಕಳನ್ನು ಎತ್ತಿದ ಕೈಗೆ
ಇವಳೊಬ್ಬಳ ತೂಕ ಗೊತ್ತಿಲ್ಲ.
"ನಿಧಾನ," ಎಂದಳು, "ದೋಣಿಗೆ ಕಾಲಿಟ್ಟ ಹಾಗೆ."
ಹದಿನೇಳು ಹೆಜ್ಜೆ ಹಾಕಿದೆವು, ಎಣಿಸಿದೆ.
ಕೊನೆಯಲ್ಲಿ ಒಪ್ಪಿಸಿಕೊಡಬೇಕಂತೆ.
ನಾನು ಸಾಕದೇ ಇದ್ದದ್ದನ್ನು ನಾನು ಒಪ್ಪಿಸುವುದು ಹೇಗೆ?

ಮೂರನೇ ಸಾಲಿನಲ್ಲಿ ಅವಳ ಮಾವಂದಿರು.
ಹಿರಿಯವನು ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ.
ಆ ಅಳು ನನಗೆ ಗೊತ್ತು, ನಾಜಿನ್ ಮನೆ ಬಿಟ್ಟ ದಿನ
ಕೊಟ್ಟಿಗೆಯ ಹಿಂದೆ ನಿಂತು ಅತ್ತದ್ದು ಅದನ್ನೇ.
ಹದಿನೆಂಟನೆಯ ಹೆಜ್ಜೆ ಏಳಲಿಲ್ಲ.
ಕರೆದೆ. ಅವನು ತಲೆಯಾಡಿಸಿದ. ಮತ್ತೆ ಕರೆದೆ.
ಬಂದ, ಇನ್ನೊಂದು ಕೈ ಹಿಡಿದ, ಸರಿಯಾದ ಜಾಗದಲ್ಲಿ.
ಫೋಟೋದ ಹುಡುಗ ಕ್ಯಾಮೆರಾ ಇಳಿಸಿ ಯಾರನ್ನೋ ಏನೋ ಕೇಳಿದ.

ವರ ಬಾಗಿ ಕರೆದ: "ಮಾವ."
ಇಬ್ಬರೂ ಒಟ್ಟಿಗೆ ಓಗೊಟ್ಟೆವು.

ಊರಿಗೆ ಹನ್ನೆರಡು ಗಂಟೆಯ ಬಸ್ಸು. 
ಕೋಟು ಕಳಚುವಾಗ ಬಿನ್ಮ ಬೆನ್ನಿನಿಂದ ಏನೋ ಕಿತ್ತಳು,
ಕುರ್ಚಿಯ ಚೀಟಿ. ಅಷ್ಟು ದೂರವೂ ಅಂಟಿಕೊಂಡೇ ಬಂದಿತ್ತು.
ಅಕ್ಕನಿಗೆ ಓದು ಬಾರದು.
ತಿರುಗಿಸಿ ನೋಡಿದಳು, ಒಲೆಯ ಕಡೆ ಕೈ ಚಾಚಿದಳು.

ತಡಿ, ಎಂದೆ.